ಕಲ್ಲು, ಮರಳು, ಇದ್ದಿಲು, ಮರ: ನದಿ ನೀರು ಸೋಸುವ ಡ್ರಮ್ ಕೈಕೊಟ್ಟರೆ ಎಲ್ಲಿಂದ ಹುಡುಕಬೇಕು

ಮಳೆಗಾಲದ ಒಂದು ಭಾನುವಾರ ಬೆಳಿಗ್ಗೆ ಭಾವನ ಫೋನ್ ಬಂತು. ಅವರ ತೋಟ ಇರುವುದು ಮಂಚನಬೆಲೆ ಕಡೆ, ಅರ್ಕಾವತಿಯ ದಂಡೆಗೆ. ನಾನಿರುವುದು ಕೆಂಗೇರಿಯಲ್ಲಿ. "ನೋಡಪ್ಪಾ, ನೀನು ಇಟ್ಟುಕೊಟ್ಟ ಡ್ರಮ್ಮಿಂದ ನೀರು ಹನಿ ಹನಿ ಬರ್ತಿದೆ. ಇದ್ದಿಲೆಲ್ಲ ಬದಲಾಯಿಸ್ದೆ, ಆದ್ರೂ ಅಷ್ಟೇ" ಅಂದರು. "ಭಾವ, ಮಧ್ಯದ ನಲ್ಲಿ ಬಿಟ್ಟು ನೋಡಿದ್ರಾ?" ಅಂತ ಕೇಳಿದೆ. ನೋಡಿರಲಿಲ್ಲ. ಮರಳಿಗೂ ಇದ್ದಿಲಿಗೂ ನಡುವೆ ಇರುವ ಆ ನಲ್ಲಿ ಬಿಟ್ಟು ನೋಡಿದರೆ ಅಲ್ಲೂ ಹನಿಯೇ. ಅಂದರೆ ನೀರು ಇದ್ದಿಲಿನ ತನಕ ಬರುತ್ತಲೇ ಇರಲಿಲ್ಲ. ಮರಳಿನ ಮೇಲೆ ಕೆಸರು ಕಟ್ಟಿಕೊಂಡಿತ್ತು. ಚೆನ್ನಾಗಿದ್ದ ಇದ್ದಿಲು ಸುಮ್ನೆ ತಿಪ್ಪೆ ಸೇರಿತ್ತು.

ನೀರು ಸರಿಯಿಲ್ಲ ಅಂದ ಕೂಡಲೇ ಎಲ್ಲರ ಕೈ ಮೊದಲು ಹೋಗುವುದು ಇದ್ದಿಲಿಗೆ. ಆದರೆ ನಾನು ನೋಡಿದ ತೊಂದರೆಗಳಲ್ಲಿ ಹೆಚ್ಚಿನವು ಮರಳಿನದ್ದು, ಅದರಲ್ಲೂ ಸರಿಯಾಗಿ ತೊಳೆಯದ ಮರಳಿನದ್ದು. ಜಲ್ಲಿ, ಮರಳು, ಇದ್ದಿಲು ಒಂದೊಂದಕ್ಕೂ ಒಂದೊಂದು ಕೆಲಸ. ಯಾವ ಕೆಲಸ ನಿಂತಿದೆ ಅಂತ ಗೊತ್ತಾದರೆ ಯಾವುದನ್ನು ಬಿಚ್ಚಬೇಕು ಅಂತಲೂ ಗೊತ್ತಾಗುತ್ತದೆ. ಅದು ಗೊತ್ತಾಗುವ ತನಕ ಏನನ್ನೂ ಬಿಚ್ಚಬೇಡಿ.

ನಾನು ಹೇಳುತ್ತಿರುವ ಜೋಡಣೆ

ಮೊದಲು ನದಿ ನೀರು ಒಂದು ದಿನ ಸುಮ್ಮನೆ ನಿಲ್ಲುವ ಡ್ರಮ್. ಅದರಿಂದ 200 ಲೀಟರಿನ ನೀಲಿ ಡ್ರಮ್ಮಿಗೆ. ಅದರ ತಳದಲ್ಲಿ 20 ಮಿ.ಮೀ. ಜಲ್ಲಿ ನಾಲ್ಕು ಇಂಚು, ಅದರ ಮೇಲೆ 6 ಮಿ.ಮೀ. ಜಲ್ಲಿ ಎರಡು ಇಂಚು, ಆಮೇಲೆ ದಪ್ಪ ಮರಳು ಎರಡು ಇಂಚು, ಅದರ ಮೇಲೆ ಸುಮಾರು 50 ಸೆಂ.ಮೀ. ಸಣ್ಣ ಮರಳು. ಮರಳಿನ ಮೇಲೆ ಯಾವಾಗಲೂ ನೀರು ನಿಂತಿರಬೇಕು. ಅದಕ್ಕೇ ಹೊರಗೆ ಬರುವ ಪೈಪನ್ನು ಡ್ರಮ್ಮಿನ ತಳದಿಂದ ಹೊರಗೆ ತಂದು, ಮರಳಿನ ಮಟ್ಟಕ್ಕಿಂತ ಎರಡು ಇಂಚು ಮೇಲಕ್ಕೆ ಎತ್ತಿ ಆಮೇಲೆ ಬಾಗಿಸಿರುತ್ತೇವೆ. ಆ ಬಾಗಿನ ಆಚೆ ಮಧ್ಯದ ನಲ್ಲಿ. ಕೊನೆಗೆ ಇದ್ದಿಲಿನ ಬಕೆಟ್.

ಕೆಲವರು ಇದ್ದಿಲನ್ನು ಮರಳಿನ ಮಧ್ಯದಲ್ಲೇ ಒಂದು ಪದರವಾಗಿ ಹಾಕುತ್ತಾರೆ. ನನಗೆ ಅದು ಇಷ್ಟವಿಲ್ಲ. ಇದ್ದಿಲನ್ನು ಆಗಾಗ ಬದಲಾಯಿಸಬೇಕು, ಮರಳನ್ನು ಆದಷ್ಟೂ ಅಲುಗಾಡಿಸಬಾರದು. ಒಂದೇ ಡ್ರಮ್ಮಿನಲ್ಲಿಟ್ಟರೆ ಒಂದಕ್ಕಾಗಿ ಇನ್ನೊಂದನ್ನು ಕೆಡಿಸಬೇಕಾಗುತ್ತದೆ.

ಎಲ್ಲಕ್ಕಿಂತ ಮೊದಲು: ನೀರು ಎಲ್ಲಿಯದು?

ಬೆಂಗಳೂರಿನವರು ಇದನ್ನು ಕೇಳಿಕೊಳ್ಳಲೇಬೇಕು. ಅರ್ಕಾವತಿ ನಂದಿ ಬೆಟ್ಟದಲ್ಲಿ ಹುಟ್ಟಿ ಹೆಸರಘಟ್ಟ, ತಿಪ್ಪಗೊಂಡನಹಳ್ಳಿ ದಾಟಿ ಬರುತ್ತದೆ. ಕಾವೇರಿ ಬರುವ ಮೊದಲು ಊರಿಗೆ ನೀರು ಕೊಟ್ಟಿದ್ದು ಇದೇ ನದಿ. ಹೆಸರಘಟ್ಟದಿಂದ 1896ರಲ್ಲಿ, ತಿಪ್ಪಗೊಂಡನಹಳ್ಳಿಯಿಂದ 1933ರಲ್ಲಿ. ವೃಷಭಾವತಿಯ ಕಥೆ ಬೇರೆ. ಅದು ಬಸವನಗುಡಿ ಕಡೆ ಹುಟ್ಟಿ ನಮ್ಮ ಕೆಂಗೇರಿ ಮೇಲೆ ಹಾದು, ಊರಿನ ಚರಂಡಿ ನೀರು, ಕಾರ್ಖಾನೆ ನೀರು ಹೊತ್ತುಕೊಂಡು ಹೋಗಿ ಕೆಳಗೆ ಅರ್ಕಾವತಿಯನ್ನು ಸೇರುತ್ತದೆ.

ಹಾಗಾಗಿ ನೀರು ತೆಗೆಯುವ ಜಾಗ ಆ ಕೂಡುವ ಜಾಗಕ್ಕಿಂತ ಮೇಲೋ ಕೆಳಗೋ ಅನ್ನುವುದರ ಮೇಲೆ ಎಲ್ಲವೂ ನಿಂತಿದೆ. ವೃಷಭಾವತಿ ನೀರಿನಲ್ಲಿರುವ ಸೀಸ, ಕ್ರೋಮಿಯಂನಂಥ ಲೋಹಗಳನ್ನಾಗಲಿ, ಕಾರ್ಖಾನೆಯ ರಾಸಾಯನಿಕಗಳನ್ನಾಗಲಿ ಮರಳು, ಇದ್ದಿಲು ನಂಬಿಕೊಳ್ಳುವ ಮಟ್ಟಿಗೆ ತೆಗೆಯುವುದಿಲ್ಲ. ಕುದಿಸಿದರೆ ಲೋಹ ಹೋಗುವುದಿಲ್ಲ, ನೀರು ಆವಿಯಾಗಿ ಇನ್ನಷ್ಟು ಗಟ್ಟಿಯಾಗುತ್ತದೆ.

ಪರೀಕ್ಷೆ ಸುಲಭ. ಅರ್ಧ ಬಾಟಲಿ ನೀರು ತುಂಬಿ ಜೋರಾಗಿ ಕುಲುಕಿ, ಕೆಳಗಿಡಿ. ನೊರೆ ನಿಮಿಷಗಟ್ಟಲೆ ಹಾಗೇ ನಿಂತರೆ ಸಾಬೂನು ನೀರು ಸೇರಿದೆ ಅಂತ ಅನುಮಾನ ಪಡಿ. ಸಾಬೂನು ಸೇರಿದ ಕಡೆ ಇನ್ನೂ ಏನೇನೋ ಸೇರಿರುತ್ತದೆ. ಅಲ್ಲಿಗೆ ನಿಲ್ಲಿಸಿ. ಇದು ಡ್ರಮ್ಮಿನ ದೋಷವಲ್ಲ, ಡ್ರಮ್ಮಿನಿಂದ ರಿಪೇರಿಯೂ ಆಗುವುದಿಲ್ಲ.

ಗಡಿಯಾರ, ಗಾಜಿನ ಲೋಟ, ಮೂಗು

ಒಂದು ಲೀಟರ್ ಬಾಟಲಿಯನ್ನು ಮಧ್ಯದ ನಲ್ಲಿಗೆ ಹಿಡಿದು ಮೊಬೈಲಿನಲ್ಲಿ ಸಮಯ ನೋಡಿ. ನಿಧಾನವಾಗಿ ಸೋಸುವ ಮರಳಿನಲ್ಲಿ ನೀರು ಗಂಟೆಗೆ 10ರಿಂದ 20 ಸೆಂ.ಮೀ. ಇಳಿಯಬೇಕು. ನಮ್ಮ ಡ್ರಮ್ಮಿನ ಅಗಲಕ್ಕೆ ಲೆಕ್ಕ ಹಾಕಿದರೆ ಗಂಟೆಗೆ 25ರಿಂದ 50 ಲೀಟರ್. ಅಂದರೆ ಬಾಟಲಿ ತುಂಬಲು ಒಂದೂಕಾಲು ನಿಮಿಷದಿಂದ ಎರಡೂವರೆ ನಿಮಿಷ. ಐದು ನಿಮಿಷ ದಾಟಿದರೆ ಕಟ್ಟಿಕೊಂಡಿದೆ. ಮುಕ್ಕಾಲು ನಿಮಿಷದಲ್ಲೇ ತುಂಬಿದರೆ ನೀರು ಓಡುತ್ತಿದೆ, ಸೋಸುತ್ತಿಲ್ಲ. ಜಾಸ್ತಿ ನೀರು ಬರುತ್ತಿದೆ ಅಂತ ಖುಷಿಪಡುವವರೇ ಹೆಚ್ಚು. ಆದರೆ ನಿಧಾನಕ್ಕಿಂತ ಇದೇ ದೊಡ್ಡ ದೋಷ.

ಆಮೇಲೆ ಎರಡು ಗಾಜಿನ ಲೋಟ. ಒಂದರಲ್ಲಿ ಮಧ್ಯದ ನಲ್ಲಿಯ ನೀರು, ಇನ್ನೊಂದರಲ್ಲಿ ಇದ್ದಿಲು ದಾಟಿ ಬಂದ ನೀರು. ಬಿಳಿ ಕಾಗದದ ಮೇಲೆ ಪಕ್ಕಪಕ್ಕ ಇಟ್ಟು ನೋಡಿ, ಮೂಸಿ. ಮೊದಲ ಲೋಟದಲ್ಲೇ ತೊಂದರೆ ಇದ್ದರೆ ಅದು ಇದ್ದಿಲಿನದ್ದಲ್ಲ. ಮೊದಲನೆಯದು ಸರಿಯಿದ್ದು ಎರಡನೆಯದರಲ್ಲಿ ಮಾತ್ರ ಇದ್ದರೆ ಮರಳನ್ನು ಮುಟ್ಟಬೇಡಿ.

ನೀರು ನಿಧಾನವಾದರೆ

ವಾರ ವಾರಕ್ಕೆ ಸ್ವಲ್ಪ ಸ್ವಲ್ಪ ನಿಧಾನವಾದರೆ ಅದು ರೋಗವಲ್ಲ, ಮರಳಿನ ಮೇಲ್ಪದರ ತನ್ನ ಕೆಲಸ ಮಾಡಿದ ಗುರುತು. ನಲ್ಲಿ ಕಟ್ಟಿ, ಮರಳಿನ ಮೇಲೆ ಒಂದು ಗೇಣು ನೀರು ಇರುವಾಗಲೇ ಬೆರಳ ತುದಿಯಿಂದ ಮೇಲಿನ ಒಂದು ಸೆಂ.ಮೀ. ಮಾತ್ರ ಮೆಲ್ಲಗೆ ಕದಡಿ. ಎದ್ದ ಬಗ್ಗಡವನ್ನು ಚೊಂಬಿನಲ್ಲಿ ಮೊಗೆದು ಹೊರಗೆ ಚೆಲ್ಲಿ. ಎರಡು ಮೂರು ಸಲ ಮಾಡಿದರೆ ಸಾಕು. ಇಷ್ಟಕ್ಕೂ ಸರಿಹೋಗದಿದ್ದರೆ ಮೇಲಿನ ಒಂದೆರಡು ಸೆಂ.ಮೀ. ಮರಳನ್ನು ಕೆರೆದು ತೆಗೆಯಿರಿ. ಡ್ರಮ್ ಪೂರ್ತಿ ಖಾಲಿ ಮಾಡಿ ತೊಳೆಯಲು ಮಾತ್ರ ಹೋಗಬೇಡಿ.

ಒಂದೇ ದಿನದಲ್ಲಿ ನಿಂತುಬಿಟ್ಟರೆ ಹಿಂದಿನ ದಿನ ಮಳೆ ಬಂದಿತ್ತಾ ನೆನಪಿಸಿಕೊಳ್ಳಿ. ಹೊಸ ನೀರು ಬಂದಾಗ ನದಿ ಕೆಂಪಗೆ ಹರಿಯುತ್ತದೆ. ಆ ನೀರನ್ನು ನೇರವಾಗಿ ಮರಳಿಗೆ ಬಿಟ್ಟರೆ ಒಂದೇ ರಾತ್ರಿಯಲ್ಲಿ ಜೇಡಿ ಪದರ ಕಟ್ಟುತ್ತದೆ. ಭಾವನ ತೋಟದಲ್ಲಿ ಆಗಿದ್ದೂ ಇದೇ. ಕೆಂಪು ನೀರಿಗೆ ಎರಡು ದಿನ ತಿಳಿಯಾಗಲು ಬಿಡಿ, ಅಥವಾ ಚಿಲ್ಲದ ಬೀಜ ತೇಯ್ದು ಹಾಕಿ. ನಮ್ಮ ಅಜ್ಜಿಯಂದಿರು ಕೊಡದ ಒಳಮೈಗೆ ಉಜ್ಜುತ್ತಿದ್ದುದು ಇದನ್ನೇ. ಒಣಗಿದ ನುಗ್ಗೆ ಬೀಜದ ಪುಡಿಯೂ ಆಗುತ್ತದೆ. ಎರಡರಲ್ಲೂ ಇರುವ ಅಂಶಗಳು ನೀರಿನಲ್ಲಿ ತೇಲುವ ಜೇಡಿಯನ್ನು ಒಟ್ಟುಗೂಡಿಸಿ ತಳಕ್ಕೆ ಇಳಿಸುತ್ತವೆ. ಹಾಕಿದ ದಿನವೇ ತಿಳಿಯನ್ನು ಬೇರೆ ಮಾಡಿಕೊಳ್ಳಿ, ಇಲ್ಲದಿದ್ದರೆ ಬೀಜದ ಪುಡಿಯೇ ಕೊಳೆತು ನಾರುತ್ತದೆ.

ಇನ್ನೊಂದು ಕಾರಣ ಗಾಳಿ. ಯಾವಾಗಲಾದರೂ ಡ್ರಮ್ ಒಣಗಿತ್ತಾ? ಒಣಗಿದ ಮರಳಿಗೆ ಮೇಲಿಂದ ನೀರು ಹೊಯ್ದರೆ ಗಾಳಿ ಒಳಗೇ ಸಿಕ್ಕಿಕೊಳ್ಳುತ್ತದೆ. ಹೊರಪೈಪಿಗೆ ಹೋಸು ಸಿಕ್ಕಿಸಿ, ಸೋಸಿದ ನೀರನ್ನು ತಳದಿಂದ ಮೆಲ್ಲಗೆ ಮೇಲಕ್ಕೆ ತುಂಬಿಸಿ. ಮರಳಿನ ಮೇಲೆ ಗುಳ್ಳೆಗಳು ಬುಳುಬುಳು ಏಳುವುದು ಕಾಣುತ್ತದೆ. ಗುಳ್ಳೆ ನಿಂತ ಮೇಲೆ ಮೊದಲಿನಂತೆ ನಡೆಸಿ.

ನೀರು ಓಡುತ್ತಿದ್ದರೆ

ಎರಡೇ ಕಾರಣ. ಒಂದು, ಮರಳು ದಪ್ಪ. ಕೆಲಸಕ್ಕೆ ಬೇಕಾದ ಮರಳಿನ ಕಾಳು 0.15ರಿಂದ 0.35 ಮಿ.ಮೀ. ಅಷ್ಟೇ. ಕಾಂಕ್ರೀಟಿಗೆ ತರುವ ಎಂ-ಸ್ಯಾಂಡ್, ಅಂದರೆ ಕಲ್ಲು ಪುಡಿ ಮಾಡಿ ತಯಾರಿಸಿದ ಮರಳು, ಇದಕ್ಕಿಂತ ಬಹಳ ದಪ್ಪ, ಜರಡಿ ಹಿಡಿಯದೆ ಹಾಕಬಾರದು.

ಎರಡನೆಯದು ಕಳ್ಳದಾರಿ. ಡ್ರಮ್ಮಿನ ಒಳಗೋಡೆ ನುಣುಪು. ಮರಳು ಒಂದು ಕಡೆ ಕುಸಿದಿದ್ದರೆ ನೀರು ಗೋಡೆಯನ್ನೇ ಸವರಿಕೊಂಡು ಇಳಿದುಬಿಡುತ್ತದೆ. ಕಣ್ಣಿಗೆ ಕಾಣದ ಇದನ್ನು ಹಿಡಿಯಲು ಉಪ್ಪು ಸಾಕು. ನೀರಿನಲ್ಲಿ ಕರಗಿದ ಲವಣ ಎಷ್ಟಿದೆ ಅಂತ ತೋರಿಸುವ ಟಿ.ಡಿ.ಎಸ್. ಮೀಟರಿನಲ್ಲಿ ಮಧ್ಯದ ನಲ್ಲಿಯ ನೀರಿನ ಅಂಕಿ ನೋಡಿ ಬರೆದುಕೊಳ್ಳಿ. ಎರಡು ದೊಡ್ಡ ಚಮಚ ಉಪ್ಪನ್ನು ಒಂದು ಚೊಂಬು ನೀರಿನಲ್ಲಿ ಕರಗಿಸಿ ಮರಳಿನ ಮೇಲೆ ನಿಂತ ನೀರಿಗೆ ಬೆರೆಸಿ. ಐದೈದು ನಿಮಿಷಕ್ಕೊಮ್ಮೆ ಅಳೆಯಿರಿ. ಮರಳು, ಜಲ್ಲಿಯ ಸಂದಿಗಳಲ್ಲೇ ಸುಮಾರು 70 ಲೀಟರ್ ನೀರು ಕೂತಿರುತ್ತದೆ. ಅದನ್ನು ತಳ್ಳಿಕೊಂಡು ಉಪ್ಪು ಬರಲು ಒಂದು ಗಂಟೆಗಿಂತ ಹೆಚ್ಚು ಹಿಡಿಯಬೇಕು. ಹತ್ತೇ ನಿಮಿಷಕ್ಕೆ ಅಂಕಿ ಏರಲು ಶುರುವಾದರೆ ಕಳ್ಳದಾರಿ ಇದೆ ಅಂತಲೇ ಅರ್ಥ. ಆಗ ಮಾತ್ರ ಮರಳು ತೆಗೆಯಬೇಕು. ಮತ್ತೆ ತುಂಬುವಾಗ ಡ್ರಮ್ಮಿನಲ್ಲಿ ಮೊದಲು ನೀರಿರಲಿ, ಅದರೊಳಗೆ ಮರಳು ಸುರಿಯಿರಿ. ನೀರಿನಲ್ಲಿ ಇಳಿದ ಮರಳು ತಾನಾಗಿ ಒತ್ತಾಗಿ ಕೂರುತ್ತದೆ.

ಬಣ್ಣ ಬಂದರೆ

ಹಾಲಿನಂತೆ ಬೆಳ್ಳಗಿದ್ದರೆ ಲೋಟವನ್ನು ಎರಡು ನಿಮಿಷ ನೋಡುತ್ತಾ ಕೂರಿ. ಬಿಳುಪು ತಳದಿಂದ ಮೇಲಕ್ಕೆ ತಿಳಿಯಾಗುತ್ತಾ ಹೋದರೆ ಅದು ಗಾಳಿಗುಳ್ಳೆ, ತೊಂದರೆಯಿಲ್ಲ. ಹಾಗೇ ನಿಂತು, ರಾತ್ರಿ ಕಳೆದ ಮೇಲೆ ತಳದಲ್ಲಿ ಬೂದು ಪುಡಿ ಕೂತರೆ ಅದು ಎಂ-ಸ್ಯಾಂಡಿನ ಕಲ್ಲುಹಿಟ್ಟು. ನನ್ನ ಮೊದಲ ಡ್ರಮ್ಮಿನಲ್ಲಿ ಇದೇ ಆಗಿತ್ತು. ನಾಲ್ಕು ಸಲ ತೊಳೆದಿದ್ದೆ, ಹನ್ನೆರಡು ಸಲ ತೊಳೆಯಬೇಕಿತ್ತು. ಮರಳು ತೊಳೆದಾಯಿತು ಅಂತ ಗೊತ್ತಾಗುವುದು ಹೀಗೆ: ಗಾಜಿನ ಬಾಟಲಿಗೆ ಒಂದು ಹಿಡಿ ಮರಳು, ಮುಕ್ಕಾಲು ನೀರು ಹಾಕಿ ಕುಲುಕಿ, ಒಂದು ನಿಮಿಷ ಬಿಡಿ. ಬಾಟಲಿಯ ಆಚೆ ಹಿಡಿದ ಬೆರಳಿನ ಗೆರೆ ಕಾಣಿಸಬೇಕು.

ಕಪ್ಪು ನೀರು ಇದ್ದಿಲಿನ ಪುಡಿ. ಆರೋಗ್ಯಕ್ಕೆ ಕೆಡುಕಲ್ಲ, ತೊಳೆದರೆ ಹೋಗುತ್ತದೆ. ಬಕೆಟ್ಟಿನ ತಳದಲ್ಲಿ ಎರಡು ಇಂಚು ಸಣ್ಣ ಮರಳು, ಅದರ ಕೆಳಗೆ ಸ್ವಲ್ಪ ಜಲ್ಲಿ ಹಾಕಿದರೆ ಮತ್ತೆ ಬರುವುದಿಲ್ಲ. ಕೆಂಪಾಗಿ ಬಂದರೆ ಜಂಬಿಟ್ಟಿಗೆ ಚೂರು ಸೇರಿದೆಯಾ ನೋಡಿ. ಟೀ ಬಣ್ಣ ಬಂದರೆ ಎಲ್ಲೋ ಮರದ ತೊಗಟೆ ನೆನೆಯುತ್ತಿದೆ, ಅಥವಾ ಇದ್ದಿಲು ಪೂರ್ತಿ ಸುಟ್ಟಿಲ್ಲ.

ಕಲ್ಲಿನ ವಿಷಯದಲ್ಲಿ ಒಂದು ಮಾತು. ಚೆಂದ ಕಾಣಲಿ ಅಂತ ನರ್ಸರಿಯಲ್ಲಿ ಸಿಗುವ ಬಿಳಿ ಕಲ್ಲು ಹಾಕುವವರಿದ್ದಾರೆ. ಅವುಗಳಲ್ಲಿ ಎಷ್ಟೋ ಅಮೃತಶಿಲೆ ಚೂರು. ಅಮೃತಶಿಲೆ, ಸುಣ್ಣಕಲ್ಲು ಸ್ವಲ್ಪ ಸ್ವಲ್ಪ ಕರಗಿ ನೀರನ್ನು ಗಡಸು ಮಾಡುತ್ತವೆ. ಒಂದು ಕಲ್ಲನ್ನು ಕೆರೆದು ಆ ಪುಡಿಯ ಮೇಲೆ ನಿಂಬೆರಸ ಹಿಂಡಿ. ಸಣ್ಣ ಗುಳ್ಳೆ ಎದ್ದರೆ ಆ ಕಲ್ಲು ಬೇಡ. ನಮ್ಮ ಕಡೆಯ ಕಲ್ಲುಕೋರೆಯ ಬೂದು ಜಲ್ಲಿ, ಅಂದರೆ ಲಾಲ್‌ಬಾಗ್ ಬಂಡೆಯ ಜಾತಿಯದ್ದೇ, ಹೀಗೆ ಕರಗುವುದಿಲ್ಲ. ಅದಕ್ಕಿಂತ ಒಳ್ಳೆಯದು ಬೇಕಿಲ್ಲ.

ವಾಸನೆ, ರುಚಿ

ಕೊಳೆತ ಮೊಟ್ಟೆಯ ವಾಸನೆ ಬಂದರೆ ನೀರು ಹರಿಯದೆ ನಿಂತಿತ್ತು ಅಂತ ತಿಳಿಯಿರಿ. ಮರಳಿನ ಮೇಲ್ಪದರದಲ್ಲಿ ಬದುಕುವ ಜೀವಿಗಳಿಗೆ ಉಸಿರಾಡಲು ಹೊಸ ನೀರು ಬೇಕು. ಎರಡು ದಿನಕ್ಕಿಂತ ಹೆಚ್ಚು ನಿಲ್ಲಿಸಿದರೆ ಅವು ಸಾಯುತ್ತವೆ, ಗಾಳಿ ಬೇಡದ ಜೀವಿಗಳು ಸೇರಿಕೊಳ್ಳುತ್ತವೆ. ಮಣ್ಣಿನ ವಾಸನೆ ಬಂದರೆ ಬಿಸಿಲು ಬಿದ್ದು ಪಾಚಿ ಬೆಳೆದಿರಬಹುದು, ಮುಚ್ಚಳ ಹಾಕಿ. ಸೀಮೆಎಣ್ಣೆಯ ಹಾಗೆ, ಬಣ್ಣದ ಹಾಗೆ ವಾಸನೆ ಬಂದರೆ ಡ್ರಮ್ಮಿನಲ್ಲಿ ಮೊದಲು ಏನಿತ್ತು ಅಂತ ವಿಚಾರಿಸಿ. ಹಳೆ ಡ್ರಮ್ಮಿನ ಪ್ಲಾಸ್ಟಿಕ್ ಹೀರಿಕೊಂಡ ರಾಸಾಯನಿಕ ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ. ಆ ಡ್ರಮ್ ಗಿಡಕ್ಕೆ ನೀರು ತುಂಬಿಡಲೂ ಬೇಡ.

ಬಾಯಲ್ಲಿ ಬೂದಿಯ ಕಾರ ಉಳಿದರೆ ಇದ್ದಿಲಿನ ಬೂದಿ ತೊಳೆದಿಲ್ಲ. ಇಸ್ತ್ರಿ ಅಂಗಡಿಯವರು ಬಳಸುವ ತೆಂಗಿನ ಚಿಪ್ಪಿನ ಇದ್ದಿಲು ಒಳ್ಳೆಯದು. ಕೊಳ್ಳುವಾಗ ಒಂದು ಚೂರು ಮುರಿದು ನೋಡಿ. ಒಳಗೂ ಕಪ್ಪಗೆ ಹೊಳೆಯಬೇಕು, ಎರಡು ಚೂರು ತಾಗಿಸಿದರೆ ಗಾಜಿನಂತೆ ಟಣ್ ಅನ್ನಬೇಕು. ಒಳಗೆ ಕಂದು ಕಂಡರೆ ಬೇಡ. ಇದ್ದಿಲು ವಾಸನೆ, ಬಣ್ಣ ಹೀರುತ್ತದೆ. ಉಪ್ಪು, ಗಡಸು, ನೈಟ್ರೇಟ್ ತೆಗೆಯುವುದಿಲ್ಲ. ಹಾಗಾಗಿ ಟಿ.ಡಿ.ಎಸ್. ಇಳಿದಿಲ್ಲ ಅಂತ ಇದ್ದಿಲು ಬದಲಾಯಿಸುವುದು ದಂಡ. ಎರಡೂ ಲೋಟದ ವಾಸನೆ ಒಂದೇ ಥರ ಆದ ದಿನ ಬದಲಾಯಿಸಿ.

ಮರದ ತುಂಡು ಕೆಲಸ ಮಾಡದಿದ್ದರೆ

2014ರಲ್ಲಿ ಅಮೆರಿಕದ ಎಂ.ಐ.ಟಿ. ವಿಶ್ವವಿದ್ಯಾಲಯದವರು ಪೈನ್ ಮರದ ಹಸಿ ಕೊಂಬೆಯ ತುಂಡನ್ನು ಪೈಪಿಗೆ ಸಿಕ್ಕಿಸಿ ನೀರು ಹಾಯಿಸಿ, ಅದು ಬ್ಯಾಕ್ಟೀರಿಯಾವನ್ನು ನೂರಕ್ಕೆ 99ಕ್ಕಿಂತ ಹೆಚ್ಚು ತಡೆಯುತ್ತದೆ ಅಂತ ತೋರಿಸಿದರು. ಅಲ್ಲಿಂದ ಎಲ್ಲರಿಗೂ ಮಾಡಿ ನೋಡುವ ಆಸೆ. ನನ್ನ ಅಕ್ಕನ ಮಗ ಕಾಲೇಜಿನ ಪ್ರಾಜೆಕ್ಟಿಗೆ ಮಾಡಿದ. ನೀರು ಸರಾಗವಾಗಿ ಬಂತು, ಆದರೆ ಹೋದ ಬಗ್ಗಡ ಹಾಗೇ ಈಚೆ ಬಂತು. "ಮಾಮ, ಪೈನೇ ಹಾಕಿದ್ದೀನಿ, ಸೂಜಿ ಎಲೆ ನೋಡಿ ತಂದಿದ್ದು" ಅಂದ. ತುಂಡು ಕೈಗೆ ತಗೊಂಡು ನೋಡಿದೆ. ಸರ್ವೆ ಮರ.

ಸರ್ವೆ ಎಲೆ ಪೈನಿನ ಸೂಜಿಯ ಥರ ಕಾಣುತ್ತದೆ, ಒಳಗಿನ ಕಟ್ಟು ಮಾತ್ರ ಪೂರಾ ಬೇರೆ. ಪೈನಿನಲ್ಲಿ ನೀರು ಏರುವುದು ಸಣ್ಣ ಸಣ್ಣ ಮುಚ್ಚಿದ ನಳಿಕೆಗಳಲ್ಲಿ. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ತೆಳು ಪೊರೆ ದಾಟಬೇಕು. ರೋಗಾಣು ಸಿಕ್ಕಿಬೀಳುವುದು ಅಲ್ಲಿ. ಸರ್ವೆ, ಸಿಲ್ವರ್ ಓಕ್, ಹೊಂಗೆ, ಮಾವು ಇವುಗಳಲ್ಲಿ ಉದ್ದನೆಯ ತೆರೆದ ಕೊಳವೆಗಳಿವೆ. ಚಿಕ್ಕ ತುಂಡಿನಲ್ಲಿ ಆ ಕೊಳವೆ ಈ ತುದಿಯಿಂದ ಆ ತುದಿಗೆ ನೇರ ದಾರಿ. ಅಡ್ಡ ಕೊಯ್ದು ಭೂತಗನ್ನಡಿಯಲ್ಲಿ ನೋಡಿದರೆ ಸೂಜಿ ಚುಚ್ಚಿದಂಥ ತೂತುಗಳು ಕಾಣುತ್ತವೆ. ಆ ತೂತು ಕಂಡ ಮರ ಸೋಸಲು ಆಗುವುದಿಲ್ಲ.

ಮರ ಸರಿಯಿದ್ದೂ ನೀರೇ ಬರದಿದ್ದರೆ ಎರಡು ವಿಷಯ ನೋಡಿ. ಮರದ ನಡುವಿನ ಗಾಢ ಬಣ್ಣದ ಚೇಗಿನಲ್ಲಿ ನೀರು ಹಾಯುವುದಿಲ್ಲ, ಹೊರಗಿನ ತಿಳಿ ಬಣ್ಣದ ಭಾಗವೇ ಬೇಕು. ಇನ್ನೊಂದು, ಹಸಿ ತುಂಡು ಒಣಗಿದರೆ ಪೊರೆಗಳು ಅಂಟಿಕೊಂಡು ದಾರಿ ಮುಚ್ಚುತ್ತವೆ. ಅದೇ ತಂಡದವರು 2021ರಲ್ಲಿ ತುಂಡನ್ನು ಬಿಸಿನೀರಿನಲ್ಲಿ ನೆನೆಸಿ, ಎಥನಾಲಿನಲ್ಲಿ ಅದ್ದಿ ಒಣಗಿಸಿದರೆ ದಾರಿ ತೆರೆದೇ ಉಳಿಯುತ್ತದೆ ಅಂತ ತೋರಿಸಿದರು. ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ಹಲಗೆ ತರಬೇಡಿ. ಅದು ಒಣಗಿದ್ದು, ಮೇಲಾಗಿ ಹುಳು ಹಿಡಿಯದಂತೆ ಔಷಧಿ ಹೊಗೆ ಕೊಟ್ಟಿರಬಹುದು. ಎಲ್ಲ ಸರಿಯಿದ್ದರೂ ಮನೆಯಲ್ಲಿ ಮಾಡಿದ ತುಂಡು ವೈರಸ್ ಅಷ್ಟು ಸಣ್ಣದನ್ನು ಹಿಡಿಯುತ್ತದೆ ಅಂತ ನಂಬುವಂತಿಲ್ಲ. ಕಲಿಯಲು ಮಾಡಿ, ಮನೆಯ ಕುಡಿಯುವ ನೀರಿಗೆ ಇದನ್ನೇ ನಂಬಬೇಡಿ.

ನೀರು ತಿಳಿಯಾಗಿದೆ, ಆದರೆ ಪರೀಕ್ಷೆ ಬಾಟಲಿ ಕಪ್ಪಾಯಿತು

ಲ್ಯಾಬ್ ಸಾಮಾನಿನ ಅಂಗಡಿಯಲ್ಲಿ ಹೈಡ್ರೋಜನ್ ಸಲ್ಫೈಡ್ ಪರೀಕ್ಷೆಯ ಚಿಕ್ಕ ಬಾಟಲಿ ಸಿಗುತ್ತದೆ. ಗೆರೆಯ ತನಕ ನೀರು ಹಾಕಿ ಇಟ್ಟರೆ, ಮಲದ ಜೊತೆ ಬರುವ ಬ್ಯಾಕ್ಟೀರಿಯಾ ಇದ್ದಲ್ಲಿ 24ರಿಂದ 48 ಗಂಟೆಯೊಳಗೆ ಕಪ್ಪಾಗುತ್ತದೆ. ಡಿಸೆಂಬರಿನ ಚಳಿಯಲ್ಲಿ ಬಟ್ಟೆ ಸುತ್ತಿ ಬೆಚ್ಚಗಿನ ಜಾಗದಲ್ಲಿಡಿ, ಇಲ್ಲದಿದ್ದರೆ ಕಪ್ಪಾಗುವುದು ತಡವಾಗಿ ನೀವು ಮೋಸಹೋಗುತ್ತೀರಿ. ಕೊಳೆತ ಮೊಟ್ಟೆ ವಾಸನೆ ಇರುವ ನೀರಿಗೆ ಈ ಪರೀಕ್ಷೆ ಬೇಡ. ಆ ವಾಸನೆಯ ಅನಿಲವೇ ಬಾಟಲಿಯನ್ನು ಕಪ್ಪು ಮಾಡುತ್ತದೆ.

ಕಪ್ಪಾದರೆ ಮೊದಲು ಕೇಳಬೇಕಾದ್ದು ಡ್ರಮ್ಮಿನ ವಯಸ್ಸು. ಹೊಸ ಮರಳು ಬಗ್ಗಡ ತಡೆಯುತ್ತದೆ, ರೋಗಾಣು ಅಷ್ಟಾಗಿ ತಡೆಯುವುದಿಲ್ಲ. ಅದನ್ನು ತಡೆಯುವುದು ಮೇಲೆ ಕಟ್ಟುವ ಜೀವಂತ ಲೋಳೆ ಪದರ. ಅದು ಬಲಿಯಲು ಎರಡು ಮೂರು ವಾರ ಬೇಕು. ನೀವು ಮೊನ್ನೆ ತಾನೇ ಮೇಲ್ಪದರ ಕೆರೆದಿದ್ದರೂ ಇದೇ ಕಾರಣ.

ಈ ಪದರದ ಬೆಲೆ ಗೊತ್ತಾಗಿದ್ದು 1892ರಲ್ಲಿ. ಜರ್ಮನಿಯ ಹ್ಯಾಂಬರ್ಗಿನಲ್ಲಿ ಕಾಲರಾ ಬಂದು ಸಾವಿರಾರು ಜನ ಸತ್ತರು. ಅಂಟಿಕೊಂಡೇ ಇದ್ದ ಆಲ್ಟೋನಾ ಊರು ಅದೇ ಎಲ್ಬಾ ನದಿಯ ನೀರನ್ನು, ಅದೂ ಹ್ಯಾಂಬರ್ಗಿನ ಕೊಳೆ ಸೇರಿದ ಮೇಲೆ, ಕುಡಿಯುತ್ತಿತ್ತು. ಆದರೂ ಅಲ್ಲಿ ರೋಗ ಅಷ್ಟು ಹರಡಲಿಲ್ಲ. ಆಲ್ಟೋನಾದವರು ನೀರನ್ನು ಮರಳಿನಲ್ಲಿ ನಿಧಾನವಾಗಿ ಸೋಸುತ್ತಿದ್ದರು.

ಡ್ರಮ್ ಹಳೆಯದೇ ಆಗಿದ್ದು ಬಾಟಲಿ ಕಪ್ಪಾದರೆ ಮಧ್ಯದ ನಲ್ಲಿಯ ನೀರು, ಇದ್ದಿಲಿನ ನೀರು ಎರಡನ್ನೂ ಬೇರೆ ಬೇರೆ ಬಾಟಲಿಯಲ್ಲಿ ಪರೀಕ್ಷಿಸಿ. ಎರಡನೆಯದು ಮಾತ್ರ ಕಪ್ಪಾದರೆ ಇದ್ದಿಲಿನ ಬಕೆಟ್ಟಿನೊಳಗೇ ಬ್ಯಾಕ್ಟೀರಿಯಾ ಬೆಳೆದಿದೆ, ಅಥವಾ ಯಾರೋ ಕೈ ಅದ್ದಿದ್ದಾರೆ. ಇದ್ದಿಲು ಬದಲಾಯಿಸಿ, ಬಕೆಟ್ಟನ್ನು ಬ್ಲೀಚಿಂಗ್ ಪುಡಿ ನೀರಿನಲ್ಲಿ ತೊಳೆಯಿರಿ. ಆ ನೀರು ಮರಳಿನ ಡ್ರಮ್ಮಿಗೆ ಒಂದು ಹನಿಯೂ ಬೀಳಬಾರದು, ಲೋಳೆ ಪದರ ಸತ್ತುಹೋಗುತ್ತದೆ.

ಬಾಟಲಿ ಕಪ್ಪಾಗದಿದ್ದರೂ ಕುಡಿಯುವ ನೀರನ್ನು ಕುದಿಸಿ. ನಮ್ಮ ಊರು ಸಮುದ್ರಮಟ್ಟದಿಂದ 900 ಮೀಟರಿಗಿಂತ ಮೇಲಿದೆ, ನೀರು 97 ಡಿಗ್ರಿಗೇ ಕುದಿಯುತ್ತದೆ. ಅಷ್ಟು ಸಾಕು. ಕೊತಕೊತ ಕುದಿಯುವುದು ಶುರುವಾದ ಮೇಲೆ ಒಂದು ನಿಮಿಷ ಬಿಟ್ಟು ಇಳಿಸಿ.

ಊರಿಗೆ ಹೋಗಿ ಬಂದ ಮೇಲೆ

ಹಬ್ಬಕ್ಕೆ ಹತ್ತು ದಿನ ಬಾಗಿಲು ಹಾಕಿ ಹೋಗಿದ್ದರೆ, ಬಂದ ದಿನ ಡ್ರಮ್ಮಿನ ನೀರು ಕುಡಿಯಬೇಡಿ. ಮರಳಿನ ಮೇಲೆ ನಿಂತ ನೀರನ್ನು ಮೊಗೆದು ಚೆಲ್ಲಿ, ಹೊಸ ನೀರು ಬಿಟ್ಟು ಮೊದಲ ಎರಡು ಡ್ರಮ್ ನೀರನ್ನು ಗಿಡಗಳಿಗೆ ಹಾಕಿ. ಆಮೇಲೆ ಗಡಿಯಾರ ಹಿಡಿದು ಬಾಟಲಿ ತುಂಬಿಸಿ ನೋಡಿ, ಆ ಸಮಯವನ್ನೂ ತಾರೀಖನ್ನೂ ಡ್ರಮ್ಮಿನ ಮೇಲೆ ಸೀಮೆಸುಣ್ಣದಲ್ಲಿ ಬರೆದಿಡಿ. ಭಾವನ ಡ್ರಮ್ಮಿನ ಮೇಲೆ ಈಗ ಅಂಥ ಹದಿನಾಲ್ಕು ಸಾಲು ಇದೆ. ಫೋನ್ ಮಾಡಿದರೆ ಅವರು ಮೊದಲು ಹೇಳುವುದೇ ಆ ಅಂಕಿ.